ಸ್ಟೆಫಾ ಬರೆದ ಮೂರು ಹಳದಿ ಚೀಟಿಗಳು

ಸ್ಟೆಫಾ ಪಿಧಿರ್ನಿಯ ಬಾಯಿಂದ 'ಬೇಡ' ಎಂಬ ಮಾತು ಬಿದ್ದದ್ದನ್ನು ಇಪ್ಪತ್ತೊಂದು ಬೇಸಿಗೆಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಮಕ್ಕಳು ಓಡಿದರೆ 'ಓಡಬೇಡಿ' ಅನ್ನುವವಳಲ್ಲ. 'ನಡೆಯೋ ಕಾಲು ಎಲ್ಲಿದೆ, ತೋರಿಸಿ ನೋಡೋಣ' ಅನ್ನುವವಳು. ಇಬ್ಬರು ಜಗಳವಾಡಿದರೆ ಪಕ್ಕದಲ್ಲಿ ಸುಮ್ಮನೆ ಕೂತ ಮೂರನೆಯ ಮಗುವನ್ನು ಹೊಗಳುತ್ತಿದ್ದಳು. ವರ್ಷವೆಲ್ಲ ಶಾಲೆಯ ಬಸ್ ಓಡಿಸುತ್ತಿದ್ದಳು. ಜುಲೈ ಬಂತೆಂದರೆ ನಮ್ಮೂರಿನ ರಜಾ ಶಿಬಿರಕ್ಕೆ ಹಾಜರ್. ಗಂಡ ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ. ಆ ಸಿಹಿ ದನಿ ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ಮುಚ್ಚಿಡುವುದೇನು.

ನಾನು ವರ್ನ್. ಚಳಿಗಾಲದಲ್ಲಿ ಕಲ್ಲು ಜಾರಿಸುವ ಕರ್ಲಿಂಗ್ ಆಟಕ್ಕೆ ಮಂಜುಗಡ್ಡೆ ಹಾಸುವುದು, ಬೇಸಿಗೆಯಲ್ಲಿ ಅದೇ ಆಟದ ಖಾಲಿ ಕಟ್ಟಡ ಗುಡಿಸುವುದು ನನ್ನ ಕೆಲಸ. ಆ ವರ್ಷ ಉತ್ತರದ ಕಾಡಿಗೆ ಬೆಂಕಿ ಬಿದ್ದು, ಹೊಗೆ ಬಂದು ನಮ್ಮೂರಿನ ಮೇಲೆ ಕೂತುಬಿಟ್ಟಿತು. ಕೆರೆದಂಡೆಯಲ್ಲಿ ನಡೆಯಬೇಕಾದ ಶಿಬಿರವನ್ನು ತಂದು ನನ್ನ ಕಟ್ಟಡಕ್ಕೆ ತುಂಬಿದರು. ಕಿಟಕಿಯಿಲ್ಲದ ತಗಡಿನ ಕಟ್ಟಡ. ಬಾಗಿಲ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿ, ಮೂವತ್ತೆರಡು ಮಕ್ಕಳನ್ನು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಕೂಡಿಹಾಕಿದ್ದೆವು. ಮೂರನೆಯ ದಿನಕ್ಕೆ ಗೊತ್ತಿದ್ದ ಆಟಗಳೆಲ್ಲ ಮುಗಿದಿದ್ದವು, ನನ್ನ ಸಹನೆಯೂ ಮುಗಿದಿತ್ತು.

ಆ ಮೂರು ದಿನದಲ್ಲಿ ಮಾರೆನ್ ಎಂಬ ಎಂಟು ವರ್ಷದ ಹುಡುಗಿಯ ಹೆಸರಿಗೆ ಎರಡು ಹಳದಿ ಚೀಟಿ ಬಿದ್ದಿದ್ದವು. ಮಗು ಯಾರಿಗಾದರೂ ನೋವು ಮಾಡಿದರೆ, ಏನಾದರೂ ಹಾಳು ಮಾಡಿದರೆ ಸ್ಟೆಫಾ ಆ ಚೀಟಿ ತುಂಬಬೇಕು. ಅದರಲ್ಲಿ ಮೂರು ಖಾನೆ: ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮೂರು ಚೀಟಿಯಾದರೆ ಆ ಬೇಸಿಗೆಗೆ ಮಗು ಮನೆಗೆ. ಮಾರೆನ್‌ಳ ಅಮ್ಮ ಗೇಲ್ ವೃದ್ಧಾಶ್ರಮದಲ್ಲಿ ದಾದಿ. ಅವಳು ಮರುದಿನ ಬೆಳಗ್ಗೆ ಬಾಗಿಲಲ್ಲೇ ಸ್ಟೆಫಾಳ ತೋಳು ಹಿಡಿದುಕೊಂಡಳು.

"ಇವಳನ್ನ ಮನೆಗೆ ಕಳಿಸಿದ್ರೆ ನಾನು ಕೆಲಸ ಬಿಡ್ಬೇಕಾಗುತ್ತೆ. ನೋಡ್ಕೊಳೋಕೆ ನಂಗೆ ಬೇರೆ ಯಾರೂ ಇಲ್ಲ."

"ಕಳಿಸಲ್ಲ ಕಣೇ. ನಾನಿದೀನಲ್ಲ," ಅಂದಳು ಸ್ಟೆಫಾ.

ಕೊಟ್ಟ ಮಾತಿಗೆ ತಾನೇ ಸಿಕ್ಕಿಬಿದ್ದಳು. ನಾಲ್ಕನೆಯ ದಿನವಿಡೀ ಆ ಹುಡುಗಿಯ ಬೆನ್ನು ಬಿಡಲಿಲ್ಲ. ಮಾರೆನ್ ಪೆನ್ಸಿಲ್ ಎತ್ತಿಕೊಟ್ಟರೆ ಹೊಗಳಿಕೆ, ಸಾಲಿನಲ್ಲಿ ನಿಂತರೆ ಹೊಗಳಿಕೆ. ಹುಡುಗಿ ಹಲ್ಲು ಕಚ್ಚಿಕೊಂಡು ಗೋಡೆಯ ಕಡೆಗೆ ಸರಿಯುತ್ತ ಸರಿಯುತ್ತ ಕೊನೆಗೆ ನನ್ನ ಪೊರಕೆಗಳ ಮೂಲೆಗೆ ಬಂದು ಕೂತಳು.

"ಅದರ ಪಾಡಿಗೆ ಅದನ್ನ ಬಿಡೇ ಮಾರಾಯ್ತಿ. ಉಸಿರಾಡೋಕಾದ್ರೂ ಬಿಡು," ಅಂದೆ.

"ಎಷ್ಟು ಚೆನ್ನಾಗಿ ಗುಡಿಸ್ತೀಯ ವರ್ನ್ ನೀನು," ಅಂದಳು. ಅಂಥವಳ ಜೊತೆ ಏನು ವಾದ ಮಾಡುವುದು?

ಐದನೆಯ ದಿನ ಶುಕ್ರವಾರ. ಶಿಬಿರದ ಮುಖ್ಯಸ್ಥೆ ಬ್ರಿನ್‌ಗೆ ಇಪ್ಪತ್ನಾಲ್ಕು ವರ್ಷ. ಸ್ಟೆಫಾಳ ಕೈಯಲ್ಲೇ ಬೆಳೆದ ಹುಡುಗಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು, ಅದರಲ್ಲಿ ಅನುಮಾನವಿಲ್ಲ. ಮಕ್ಕಳನ್ನೆಲ್ಲ ದುಂಡಗೆ ಕೂರಿಸಿ, ನಡುವೆ ಸ್ಟೆಫಾಳನ್ನು ನಿಲ್ಲಿಸಿ, ತಲೆಗೆ ಚಿನ್ನದ ಬಣ್ಣದ ಕಾಗದದ ಕಿರೀಟ ತೊಡಿಸಿದಳು. "ಇಪ್ಪತ್ತೊಂದು ಬೇಸಿಗೆಗೆ ಇಪ್ಪತ್ತೊಂದು ಚಪ್ಪಾಳೆ. ಎಣಿಸ್ಕೊಂಡು ಹೊಡೀರಿ," ಅಂದಳು.

ತಗಡಿನ ಕಟ್ಟಡದಲ್ಲಿ ಚಪ್ಪಾಳೆ ಕಿವಿಗೆ ಬಡಿಯುತ್ತದೆ. ನಾನು ಸ್ಟೆಫಾಳ ಮುಖ ನೋಡುತ್ತಿದ್ದೆ. ಬಾಯಿ ನಗುತ್ತಿತ್ತು. ಕತ್ತು ಕೆಂಪಾಗಿತ್ತು. ಎರಡೂ ಕೈ ಕೊರಳಲ್ಲಿದ್ದ ಸೀಟಿಯ ದಾರವನ್ನು ಹಿಂಡುತ್ತಿದ್ದವು. ಐದು, ಆರು, ಏಳು. ಅವಳ ಕಣ್ಣು ಬಾಗಿಲಿಗೆ ಹೋಯಿತು, ಟವೆಲ್ ಕಂಡು ವಾಪಸು ಬಂತು. ಇಷ್ಟು ವರ್ಷ ಎಲ್ಲರಿಗೂ ಚಪ್ಪಾಳೆ ಹೊಡೆಸಿದವಳಿಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ನನಗೆ ನೋಡಲಾಗಲಿಲ್ಲ.

ಹನ್ನೊಂದನೆಯ ಚಪ್ಪಾಳೆಗೆ ಧಡಾರ್ ಅಂತ ಸದ್ದಾಯಿತು. ಮಾರೆನ್ ಎದ್ದು ಹೋಗಿ ಮೇಜಿನ ಮೇಲಿದ್ದ ಕಿತ್ತಳೆ ಶರಬತ್ತಿನ ಡ್ರಮ್ಮನ್ನು ನೂಕಿ ಬೀಳಿಸಿದ್ದಳು. ಶರಬತ್ತು ನೆಲವೆಲ್ಲ ಹರಿಯಿತು, ಮಕ್ಕಳು ಕಿರುಚಿ ಕಾಲೆತ್ತಿಕೊಂಡರು, ಚಪ್ಪಾಳೆ ನಿಂತಿತು. ಸ್ಟೆಫಾ ಕಿರೀಟ ತೆಗೆದು ಜೋರಾಗಿ ಉಸಿರು ಬಿಟ್ಟಳು. ಮಾರೆನ್ ಶರಬತ್ತನ್ನು ನೋಡಲೇ ಇಲ್ಲ, ಸ್ಟೆಫಾಳನ್ನೇ ನೋಡುತ್ತಿದ್ದಳು.

"ಮೂರನೇದು. ಚೀಟಿ ಬರಿ, ಸ್ಟೆಫಾ," ಅಂದಳು ಬ್ರಿನ್. ಅವಳ ಕಣ್ಣಲ್ಲಿ ನೀರಿತ್ತು, ಪಾಪ.

ಸ್ಟೆಫಾ ನನ್ನ ಮೂಲೆಯ ಮೇಜಿಗೆ ಬಂದು ಕೂತಳು. ಬರೆಯದಿದ್ದರೆ ಇಪ್ಪತ್ತೊಂದು ವರ್ಷದ ನೇಮ ಮುರಿಯುತ್ತದೆ, ಬರೆದರೆ ಗೇಲ್‌ಗೆ ಕೊಟ್ಟ ಮಾತು. ಮೊದಲನೆಯ ಖಾನೆಗೆ ಪೆನ್ನು ಇಟ್ಟಳು. 'ಎಲ್ಲರೂ ನನಗೆ ಚಪ್ಪಾಳೆ ತಟ್ಟುತ್ತಿದ್ದರು' ಎಂದು ಬರೆದಳು. ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ಹಳೆಯ ಎರಡು ಚೀಟಿ ತೆಗೆದು ಗಟ್ಟಿಯಾಗಿ ಓದಿದಳು.

"'ಮುಂಚೆ ವಿಶೇಷವೇನೂ ಆಗಿರಲಿಲ್ಲ. ಲೋಟದ ಕೋಟೆ ಚೆನ್ನಾಗಿದೆ ಎಂದು ಎಲ್ಲರ ಮುಂದೆ ಹೊಗಳಿದ್ದೆ.' ಇದು ಮೊದಲನೇದು. 'ಮುಂಚೆ ವಿಶೇಷವೇನೂ ಆಗಿರಲಿಲ್ಲ. ನಕ್ಷತ್ರ ಅಂಟಿಸಿ ಚಪ್ಪಾಳೆ ಹೊಡೆಸಿದ್ದೆ.' ಇದು ಎರಡನೇದು." ಚೀಟಿ ಕೆಳಗಿಟ್ಟಳು. "ನನ್ನದೇ ಕೈಬರಹ ವರ್ನ್."

ಮಾರೆನ್ ಪೊರಕೆಗಳ ಪಕ್ಕ ನಿಂತಿದ್ದಳು. "ಯಾಕಮ್ಮ ಬೀಳಿಸ್ದೆ?" ಎಂದು ಸ್ಟೆಫಾ ಕೇಳಿದಳು. ಆ ಸಿಹಿ ದನಿ ಇರಲಿಲ್ಲ.

"ನಿಮ್ಗೆ ಆಚೆ ಹೋಗ್ಬೇಕು ಅನ್ಸಿತ್ತು," ಅಂದಳು ಹುಡುಗಿ. "ಬಾಗಿಲು ಹಾಕಿತ್ತು."

ಸ್ಟೆಫಾ ಮೂರು ಚೀಟಿಯಲ್ಲೂ ಮಾರೆನ್‌ಳ ಹೆಸರು ಹೊಡೆದುಹಾಕಿ ತನ್ನ ಹೆಸರು ಬರೆದು, ಹೋಗಿ ಬ್ರಿನ್‌ಳ ಮುಂದಿಟ್ಟಳು.

"ಮೊದಲನೇ ಖಾನೆ ಓದು. ಮೂರಾದ್ರೆ ಮನೆಗೆ ಅಲ್ವಾ, ನನ್ನನ್ನ ಕಳಿಸು."

ಬ್ರಿನ್ ಓದಿದಳು. ಇನ್ನೊಮ್ಮೆ ಓದಿದಳು. "ನೀನು ಹೋದ್ರೆ ಈ ಮೂವತ್ತೆರಡನ್ನ ಯಾರು ನೋಡ್ತಾರೆ? ನಂಗೆ ಎಲ್ಲಿದೆ ದಾರಿ?" ಎಂದು ಚೀಟಿಗಳನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ನಾನು ನೆಲ ಒರೆಸಿದೆ. ಅಂಟು ಹೋಗಲು ಎರಡು ದಿನ ಬೇಕಾಯಿತು.

ಸೋಮವಾರವೂ ಹೊಗೆ ಕದಲಿರಲಿಲ್ಲ. ಬಾಗಿಲಿಗೆ ಮತ್ತೆ ಟವೆಲ್ ತುರುಕಿದೆ. ಗೇಲ್ ಮಗಳನ್ನು ಬಿಟ್ಟು ಕೆಲಸಕ್ಕೆ ಓಡಿದಳು. ಮಾರೆನ್ ನನ್ನ ಮೂಲೆಯಲ್ಲಿ ಕೂತು ಕಾಗದದ ಲೋಟ ಜೋಡಿಸತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಕೋಟೆ ಅವಳಿಗಿಂತ ಎತ್ತರವಾಗಿತ್ತು. ಸ್ಟೆಫಾ ಹತ್ತಿರ ಬಂದಳು. ಬಾಯಿ ತೆರೆದಳು, ಮುಚ್ಚಿದಳು. ಅದಕ್ಕೆ ಅವಳು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ನೆಲದ ಮೇಲೆ ಕೂತು ಲೋಟ ಎತ್ತಿಕೊಡತೊಡಗಿದಳು. ಮಾರೆನ್ ತಿರುಗಿ ನೋಡದೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

ಅಷ್ಟರಲ್ಲಿ ಬ್ರಿನ್ ಅತ್ತ ಬಂದಳು. ಕೋಟೆ ಕಂಡು ಮುಖ ಅರಳಿತು, ಚಪ್ಪಾಳೆಗೆ ಎರಡೂ ಕೈ ಎತ್ತಿದಳು.

"ಬೇಡ," ಅಂದಳು ಸ್ಟೆಫಾ.

ಬ್ರಿನ್‌ಳ ಕೈ ಹಾಗೇ ನಿಂತವು. ಮಾರೆನ್ ಇನ್ನೊಂದು ಲೋಟ ಇಟ್ಟಳು.