ಕುಚ್ಚು ಕಟ್ಟುವ ಸೂಜಿ

ಮಕ್ಕಳ ಹೃದಯ ನೋಡುವುದು ನನ್ನ ಕೆಲಸ. ಚಿಕ್ಕಬಳ್ಳಾಪುರದಲ್ಲಿ ಕ್ಲಿನಿಕ್ ಇಟ್ಟ ಮೇಲೆ ‘ಗ್ಯಾಸು’ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎದೆನೋವು ಎಂದವರಿಗೆಲ್ಲ ಮನೆಮನೆಯಲ್ಲೂ ಅದೇ ಹೆಸರು, ಅದೇ ಸೋಡಾ.

ಶಿಡ್ಲಘಟ್ಟದ ಆ ಹುಡುಗಿಗೂ ಸೋಡಾ ಕುಡಿಸಿಯೇ ಕರೆತಂದಿದ್ದರು. ಆಗಷ್ಟೇ ಹತ್ತನೇ ಕ್ಲಾಸು ಪಾಸಾದವಳು. ಉಸಿರೆಳೆದರೆ ಚುಚ್ಚುತ್ತದೆ ಎನ್ನುತ್ತಿದ್ದಳು. ಎದೆಯ ಎಡಗಡೆ ಸೊಳ್ಳೆ ಕಚ್ಚಿದಷ್ಟು ಚಿಕ್ಕ ಚುಕ್ಕೆಯೊಂದು ಕಂಡಿತು. ಅದು ಯಾಕೋ ನನಗೆ ಸರಿಕಾಣಲಿಲ್ಲ.

“ನೋವು ಯಾವತ್ತಿಂದಮ್ಮ?”

“ರಿಸಲ್ಟ್ ಬಂದ್ ದಿನದಿಂದ ಮೇಡಂ,” ಎಂದರು ತಾಯಿ. “ಓಡಿ ಬಂದು ನನ್ನ ತಬ್ಕೊಂಡ್ಳು. ಆಮೇಲೆ ‘ಅಮ್ಮೀ, ಚುಚ್ತು’ ಅಂದ್ಳು. ಆ ಖುಷೀಲಿ ಯಾರಿಗ್ ಗೊತ್ತಾಗುತ್ತೆ?”

ಆಕೆ ಮನೆಯಲ್ಲಿ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವವರು. ಕೇಳುತ್ತಿದ್ದಂತೆ ನನ್ನ ಕಣ್ಣು ಅವರ ಕಮೀಜಿನ ಎದೆಯ ಮೇಲೆ ಬಿತ್ತು. ಸೂಜಿಯೊಂದು ಅಲ್ಲಿತ್ತು. ಕೆಲಸದ ನಡುವೆ ಎದ್ದರೆ ಈ ಕಡೆಯ ಹೆಂಗಸರು ಸೂಜಿ ಸಿಕ್ಕಿಸಿಕೊಳ್ಳುವುದು ಅಲ್ಲೇ.

“ಅವತ್ತು ಸೂಜಿ ಏನಾದ್ರೂ ಕಳೆದುಹೋಗಿತ್ತಾ?”

“ಹೂಂ. ಆಯಸ್ಕಾಂತ ಹಿಡ್ಕೊಂಡು ಮನೆಯೆಲ್ಲ ಹುಡುಕ್ದೆ, ಸಿಗ್ಲಿಲ್ಲ.” ಆಕೆಯ ಕೈ ತಾನಾಗಿ ಎದೆಯ ಸೂಜಿಗೆ ಹೋಯಿತು.

ಎಕ್ಸ್‌ರೇಯಲ್ಲಿ ಕಳೆದ ಸೂಜಿ ಸಿಕ್ಕಿತು. ಎಕೋ ಮಾಡಿದೆ. ಹೃದಯದ ಗೋಡೆಗೆ ನೆಟ್ಟುಕೊಂಡು ಬಡಿತ ಬಡಿತಕ್ಕೂ ಅಲ್ಲಾಡುತ್ತಿತ್ತು. ಸುತ್ತ ರಕ್ತ ಇನ್ನೂ ತುಂಬಿರಲಿಲ್ಲ, ನಮ್ಮ ಪುಣ್ಯ.

“ಇಲ್ಲೇ ಎಳೆದುಬಿಡಿ ಮೇಡಂ, ನಿಮ್ ಕಾಲಿಗ್ ಬೀಳ್ತೀನಿ.”

“ಎಳೆದ್ರೆ ಆ ತೂತಿಂದ ರಕ್ತ ಹರಿದು ಮಗು ಕೈತಪ್ಪಿ ಹೋಗ್ತಾಳೆ. ಬೆಂಗಳೂರಲ್ಲಿ ಎದೆ ಬಿಚ್ಚಿ, ಕಣ್ಣಾರೆ ನೋಡ್ಕೊಂಡು ತೆಗೀತಾರೆ, ತೂತು ಹೊಲೀತಾರೆ. ಉಳೀತಾಳೆ. ನಾನು ಹೇಳ್ತಿದ್ದೀನಲ್ಲ,” ಎಂದು ಗದರಿದೆ. ಬರೀ ಸಮಾಧಾನಕ್ಕೆ ಆಡಿದ ಮಾತಲ್ಲ, ಎಕೋ ನೋಡಿ ಆಡಿದ್ದು. ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಹೋದೆ.

ಹುಡುಗಿ ಉಳಿದಳು. ಗಾಯ ಮಾಗಿದ ಮೇಲೆ ತೋರಿಸಲು ಬಂದಾಗ ಅವಳದೊಂದು ದೂರಿತ್ತು.

“ಅಮ್ಮೀ ಈಗ ನನ್ನ ಹತ್ರಾನೇ ಸೇರಿಸಲ್ಲ ಮೇಡಂ. ನಾನು ಹೋದ್ರೆ ಹಿಂದೆ ಸರೀತಾರೆ.”

ತಾಯಿ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು.

“ಹೃದಯ ಗಟ್ಟಿಯಾಗಿದೆ, ಗಾಯ ಮಾಗಿದೆ. ಇನ್ನೇನು ನೆಪ? ತಬ್ಕೊಳ್ಳಿ ಅಮ್ಮ,” ಎಂದೆ.

ಆಕೆ ಎದ್ದರು. ದುಪಟ್ಟಾ ತೆಗೆದು ಕುರ್ಚಿಯ ಮೇಲಿಟ್ಟರು. ಕಮೀಜಿನ ಎದೆಯನ್ನು ಅಂಗೈಯಿಂದ ಈ ಭುಜದಿಂದ ಆ ಭುಜದವರೆಗೆ ಸವರಿ ನೋಡಿದರು. ಇನ್ನೊಮ್ಮೆ ಸವರಿದರು. ಆಮೇಲೆ ಮಗಳ ಕಡೆ ಕೈ ಚಾಚಿದರು.