ಒಬ್ಬನಿಗೆ ಆಗುವಷ್ಟು ಸಾರು

ಮುನ್ನೂರು ಜನಕ್ಕೆ ಬೇಳೆ ಸಾರು ಮಾಡು ಎಂದರೆ ನಾನು ಹರಟೆ ಹೊಡೆಯುತ್ತಲೇ ಮಾಡಿಬಿಡುತ್ತೇನೆ. ಒಬ್ಬನಿಗೆ ಮಾಡು ಎಂದರೆ ಮಾತ್ರ ಎರಡು ವರ್ಷದ ಹಿಂದಿನವರೆಗೂ ನನಗೆ ಬರುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಐವತ್ತೊಂದನೆಯ ವಯಸ್ಸಿನಲ್ಲಿ ಕೆಲಸ ಹೋಯಿತು, ಆಮೇಲೆ ಕಲಿತೆ.

ಕೊಪ್ಪಳದ ಹೊರಗಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಮುಖ್ಯ ಅಡುಗೆಯವನಾಗಿದ್ದೆ. ಗುತ್ತಿಗೆ ಬದಲಾಯಿತು. ಹೊಸ ಗುತ್ತಿಗೆದಾರರು ಊಟವನ್ನು ಬೇರೆಲ್ಲೋ ಬೇಯಿಸಿ, ಡಬ್ಬಿಗಳಲ್ಲಿ ತುಂಬಿ ಗಾಡಿಯಲ್ಲಿ ತರುವವರು. ನಮ್ಮ ಒಲೆಗಳನ್ನು ಬಿಚ್ಚಿದರು. ನನಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆದರು. ಆ ಫೋಟೊದಲ್ಲಿ ನಾನು ಯಾರನ್ನೋ ಬೈಯಲು ಬಾಯಿ ತೆರೆದವನ ಹಾಗೆ ಕಾಣುತ್ತೇನೆ. ನಿಜವಾಗಿಯೂ ಬೈಯುತ್ತಲೇ ಇದ್ದೆ. ಹಾರ ಹಾಕುವ ಭರದಲ್ಲಿ ಅವರು ನನ್ನ ಕನ್ನಡಕ ಕೆಡವಿದ್ದರು.

ನನಗೊಂದು ಜಂಬವಿತ್ತು. ಮಾಡಿದ ಅಡುಗೆಯ ರುಚಿ ನೋಡುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವನು ಸೋದರಮಾವ. ಆತ ಒಂದು ಮಠದ ದಾಸೋಹದಲ್ಲಿ ಅಡುಗೆ ಮಾಡುತ್ತಿದ್ದ. ಅಲ್ಲಿ ದೇವರಿಗೆ ಎಡೆ ಹಿಡಿಯುವ ಮೊದಲು ಯಾರೂ ಯಾವುದನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವೂ ಕೈಯ ಅಂದಾಜು, ಮೂಗಿನ ಅಂದಾಜು. ಕುದಿಯುವ ಸಾರಿನ ಹಬೆಯನ್ನು ಅಂಗೈಯಿಂದ ಮೂಗಿನತ್ತ ಎಳೆದುಕೊಂಡು, “ಇನ್ನೊಂದ ಹಿಡಿ ಉಪ್ಪ ಬೇಡತೈತಿ” ಎನ್ನುತ್ತಿದ್ದ. ನಾನು ಅದನ್ನೇ ಕಾರ್ಖಾನೆಗೆ ತಂದೆ. ಅಲ್ಲಿ ಎಡೆ ಹಿಡಿಯಲು ದೇವರಿರಲಿಲ್ಲ, ಪಾಳಿಯ ಮೇಲ್ವಿಚಾರಕನಿದ್ದ. ಆದರೂ ರುಚಿ ನೋಡಲಿಲ್ಲ. ಹೊಸದಾಗಿ ಸೇರಿದವರಿಗೆ ಹಳಬರು ನನ್ನನ್ನು ತೋರಿಸಿ, “ಇವರು ಬಾಯಾಗ ಹಾಕ್ಕೊಳ್ಳಾಂಗಿಲ್ಲ ನೋಡ್ರಿ, ಆದ್ರ ಒಂದ ದಿನಾನೂ ತಪ್ಪಿಲ್ಲ” ಎನ್ನುತ್ತಿದ್ದರು. ನಾನು ಕೇಳಿಸದವನ ಹಾಗೆ ಸೌಟು ತಿರುವುತ್ತ ನಿಲ್ಲುತ್ತಿದ್ದೆ. ಅದನ್ನು ಕೇಳಲೆಂದೇ ನಿಲ್ಲುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮನೆಯಲ್ಲಿ ನಾನೊಬ್ಬನೇ. ಹೆಂಡತಿ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಗದಗಿಗೆ ಕೊಟ್ಟಿದ್ದೆ. ಕೆಲಸವಿದ್ದಾಗ ಒಂಟಿತನ ಅಷ್ಟಾಗಿ ಗೊತ್ತಾಗಿರಲಿಲ್ಲ. ಎರಡು ಹೊತ್ತಿನ ಊಟ ಕ್ಯಾಂಟೀನಿನಲ್ಲೇ ಮುಗಿಯುತ್ತಿತ್ತು, ಮನೆ ಬರೀ ಮಲಗುವುದಕ್ಕೆ. ಕೆಲಸ ಹೋದ ಮರುದಿನ ಮನೆಯ ಒಲೆ ಹಚ್ಚಿ ಒಂದು ಹಿಡಿ ಬೇಳೆ ಹಾಕಿದೆ. ನನ್ನ ಕಣ್ಣಿಗೆ ಅದು ಏನೂ ಅಲ್ಲವೆನಿಸಿತು. ಇನ್ನೊಂದು ಹಿಡಿ ಹಾಕಿದೆ, ಮತ್ತೆರಡು ಹಾಕಿದೆ. ಟೊಮೆಟೊ, ಹುಣಸೆಹುಳಿ, ನೀರು ಎಲ್ಲ ಸೇರಿ ಸಾರು ಓಣಿಗೆಲ್ಲ ಆಗುವಷ್ಟಾಯಿತು. ಬೋಗುಣಿ ಹಿಡಿದುಕೊಂಡು ಮನೆಮನೆಗೆ ಹಂಚಿ ಬಂದೆ. ಮರುದಿನವೂ ಅದೇ ಕಥೆ. ಮೂರನೆಯ ದಿನ ಎದುರುಮನೆಯ ಹೆಣ್ಣುಮಗಳು ಬಾಗಿಲಲ್ಲೇ ಕೇಳಿದಳು, “ಕಾಕಾ, ಇವತ್ತೂ ಮದುವಿ ಐತೇನ್ರಿ ನಿಮ್ಮ ಮನ್ಯಾಗ?”

ಅವಳ ಜೊತೆ ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತಿತು. ಒಬ್ಬನಿಗೆ ಆಗುವಷ್ಟು ಬೇಯಿಸಿದರೆ ನಾನು ಒಬ್ಬನೇ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು. ಅಂದಿನಿಂದ ಒಲೆಯನ್ನೇ ಬಿಟ್ಟು, ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ದಿನ ದೂಡಿದೆ.

ಮಗಳು ಫೋನ್ ಮಾಡಿದಳು. “ಅಪ್ಪಾ, ಇಲ್ಲಿಗೇ ಬಂದ ಬಿಡು. ಎಷ್ಟ ದಿನಾ ಒಬ್ಬನ ಇರ್ತಿ?”

“ಹಬ್ಬಕ್ಕ ಬರ್ತೀನವಾ. ಈಗ ಕೆಲಸಾ ಹುಡುಕೂದೈತಿ.”

“ಈ ವಯಸ್ಸಿನ್ಯಾಗ ಯಾರ ಕೊಡ್ತಾರಪಾ?”

“ಮಂದಿ ಉಣ್ಣೂದ ಬಿಟ್ಟಾರೇನು? ಅವರು ಬಿಡೂತನಕಾ ನನಗ ಕೆಲಸ ಐತಿ” ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು. ನಾನು ನಂಬಿಯೇ ಹೇಳಿದ್ದೆ. ಒಂದು ದಿನವೂ ಧೈರ್ಯ ಕುಂದಲಿಲ್ಲ ಎಂದರೆ ಸುಳ್ಳಾಗುತ್ತದೆ. ಭಾನುವಾರಗಳಲ್ಲಿ ಕುಂದುತ್ತಿತ್ತು. ಭಾನುವಾರ ಕೆಲಸ ಕೇಳಲು ಹೋಗುವಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ ಹತ್ತಿದ ಕೂಡಲೇ ನಾನು ಮತ್ತೆ ನಾನೇ ಆಗುತ್ತಿದ್ದೆ.

ಅರ್ಜಿ ಬರೆಯುವುದು ನನಗಾಗದ ಕೆಲಸ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆಲ್ಲ ಹೇಳುತ್ತಿದ್ದೆ: ನಾನು ಅಡುಗೆಯವನು, ಒಳ್ಳೆಯ ಅಡುಗೆಯವನು, ಕೆಲಸ ಬೇಕು. ಕೆಲವರು ಕಿಟಕಿಯ ಕಡೆ ತಿರುಗುತ್ತಿದ್ದರು. ಕೆಲವರು ಊರು, ವಿಳಾಸ ಹೇಳುತ್ತಿದ್ದರು. ಹಾಗೆ ಹೇಳಿದವರ ಮಾತು ಹಿಡಿದು ಕುಷ್ಟಗಿಗೆ ಹೋದೆ. ಹೆದ್ದಾರಿ ಬದಿಯ ಹೋಟೆಲಿನ ಮಾಲೀಕ ನನ್ನ ಅಂಗಿ ನೋಡಿ ಗಿರಾಕಿ ಎಂದುಕೊಂಡು ನೀರು ತರಿಸಿದ. ವಿಷಯ ತಿಳಿದ ಮೇಲೆ, “ಗೋಬಿ ಮಂಚೂರಿ, ಫ್ರೈಡ್ ರೈಸ್ ಬರತೈತೇನ್ರಿ?” ಎಂದ.

“ಬರಾಂಗಿಲ್ಲ. ಮುನ್ನೂರು ಮಂದಿಗೆ ಗೋಧಿ ಹುಗ್ಗಿ ಮಾಡಾಕ ಬರತೈತಿ.”

“ಮುನ್ನೂರು ಮಂದೀನ ಎಲ್ಲಿಂದ ತರ್ಲಿರಿ ನಾ?”

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಒಂದು ವಸತಿ ಶಾಲೆಯಲ್ಲಿ ನಲವತ್ತೈದು ದಾಟಿದವರು ಬೇಡ ಎಂದರು. “ಕೈ ನೋಡಿ ಹೇಳ್ರಿ, ಕೂದಲಾ ನೋಡಿ ಹೇಳಬ್ಯಾಡ್ರಿ” ಎಂದು ಸ್ವಲ್ಪ ಜೋರಾಗಿಯೇ ಹೇಳಿ ಬಂದೆ. ಉಳಿದ ಕಡೆಗಳಲ್ಲಿ “ನೋಡೂಣು” ಎಂದರು, “ಹೇಳಿ ಕಳಸ್ತೀವಿ” ಎಂದರು. ಹೇಳಿ ಕಳಿಸಿದವರು ಯಾರೂ ಇಲ್ಲ.

ಕೆಲಸ ಹೋದ ಐದನೆಯ ತಿಂಗಳಲ್ಲಿ ಗಂಗಾವತಿ ಬಸ್ಸಿನಲ್ಲಿ ಸಿಕ್ಕ ಒಬ್ಬರು ಶ್ರೀರಾಮನಗರದ ಭತ್ತದ ವ್ಯಾಪಾರಿಯೊಬ್ಬರ ಮನೆ ಹೇಳಿದರು. ನಾಲ್ಕು ಜನರ ಸಂಸಾರ, ಅಡುಗೆಗೆ ಆಳು ಬೇಕು. ಮನೆಯ ಯಜಮಾನಿ ಎಂಬತ್ತರ ಹತ್ತಿರದ ಅಜ್ಜಿ, ಕನ್ನಡದಲ್ಲಿ ತೆಲುಗು ಬೆರೆಸಿ ಮಾತಾಡುವವರು. ಒಂದು ಹೊತ್ತು ಮಾಡಿ ತೋರಿಸು ಎಂದರು. ನಾಲ್ಕು ಜನಕ್ಕೆ ಅಡುಗೆ ನನಗೊಂದು ಲೆಕ್ಕವೇ ಎಂದುಕೊಂಡು ಅನ್ನ, ಸಾರು, ಬದನೆಕಾಯಿ ಪಲ್ಯ ಮಾಡಿದೆ. ಹಬೆಯನ್ನು ಮೂಗಿಗೆ ಎಳೆದುಕೊಂಡೆ, ಉಪ್ಪು ಹಾಕಿದೆ, ಎದೆಯುಬ್ಬಿಸಿ ಬಡಿಸಿದೆ.

ಅಜ್ಜಿ ಮೊದಲ ತುತ್ತು ಬಾಯಿಗಿಟ್ಟು ಹಾಗೇ ಕುಳಿತರು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ನೀರು ಕುಡಿದ ಮೇಲೆ ಕೇಳಿದರು, “ನೀನು ರುಚಿ ನೋಡ್ಲಿಲ್ಲಾ ನಾಯನಾ?”

ನಾನು ಮಠದ ಪದ್ಧತಿಯನ್ನು, ಮಾವನ ಮಾತನ್ನು, ನನ್ನ ಇಪ್ಪತ್ತೆರಡು ವರ್ಷವನ್ನು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಉಪ್ಪು ಜಾಸ್ತಿ ಆದ್ರೂ ದೇವರು ಸುಮ್ನೆ ಇರ್ತಾನೆ. ನನಗೆ ಬಿಪಿ ಅದೆ, ನಾ ಸುಮ್ನೆ ಇರಲ್ಲ” ಎಂದರು. ಮನೆಯವರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಹೊರಡುವಾಗ ಅಜ್ಜಿ ಬಾಗಿಲವರೆಗೆ ಬಂದು, “ನಿನ್ನ ಮುಖ ನೋಡು ಹೆಂಗೆ ಬಾಡಿದೆ. ಮೊದಲು ನಿನಗೆ ನೀನು ಅಡಿಗೆ ಮಾಡ್ಕೊಂಡು ತಿನ್ನು ನಾಯನಾ. ಆಮೇಲೆ ಮಂದಿಗೆ ಮಾಡು” ಎಂದರು.

ಬಸ್ಸಿಗೆ ಹೋಗದೆ ಕಾಲುವೆಯ ದಂಡೆಯ ಮೇಲೆ ಕುಳಿತೆ. ನೀರು ತುಂಬಿ ಹರಿಯುತ್ತಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು, ಎಲ್ಲರಿಗೂ ಕೈತುಂಬ ಕೆಲಸ. ಸಿಟ್ಟು ಇಳಿಯುತ್ತ ಬಂದ ಹಾಗೆ ಹೆದರಿಕೆ ಹತ್ತಿತು. ಕೆಲಸ ಹೋದದ್ದಕ್ಕೆ ನಾನು ಇಷ್ಟು ಹೆದರಿರಲಿಲ್ಲ. ಈಗ ಕೈಯೇ ಹೋಯಿತೇ ಎಂದು ಹೆದರಿದೆ. ಕೈ ಹೋದರೆ ಸೋಮವಾರಗಳಿಗೂ ಅರ್ಥವಿರುವುದಿಲ್ಲ. ಆದರೆ ಅಜ್ಜಿ ಹೇಳಿದ್ದನ್ನು ಯೋಚಿಸಿದಷ್ಟೂ ಸರಿಯೆನಿಸಿತು. ಮುನ್ನೂರು ಜನರ ಹಂಡೆಯಲ್ಲಿ ಒಂದು ಚಿಟಿಕೆ ಹೆಚ್ಚೋ ಕಡಿಮೆಯೋ ಆದರೆ ದೊಡ್ಡ ಹಂಡೆ ಅದನ್ನು ನುಂಗಿಬಿಡುತ್ತದೆ. ಸಣ್ಣ ಬೋಗುಣಿ ನುಂಗುವುದಿಲ್ಲ. ನನ್ನ ಕೈ ಕೆಟ್ಟಿರಲಿಲ್ಲ, ಸಣ್ಣ ಅಳತೆ ಕಲಿತಿರಲಿಲ್ಲ ಅಷ್ಟೇ. ಕಲಿಯದ್ದನ್ನು ಕಲಿಯಬಹುದು.

ಮರುದಿನ ಕೊಪ್ಪಳದ ಬಜಾರಿನಲ್ಲಿ ಭಾಂಡೆ ಅಂಗಡಿಗೆ ಹೋಗಿ ಎಲ್ಲಕ್ಕಿಂತ ಸಣ್ಣ ಬೋಗುಣಿ ಕೇಳಿದೆ. “ಮೊಮ್ಮಕ್ಕಳ ಆಟಕ್ಕೇನ್ರಿ ಯಜಮಾನ್ರ?” ಎಂದ ಅಂಗಡಿಯವ.

“ಅಲ್ಲ, ನನ್ನ ಊಟಕ್ಕ” ಎಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲ ಸಲ. ಹೇಳಿದ ಮೇಲೆ ಅದರಲ್ಲಿ ಅಂಜುವಂಥದ್ದೇನೂ ಕಾಣಲಿಲ್ಲ.

ದಿನಾ ಒಂದು ಹಿಡಿ ಬೇಳೆ, ಅದಕ್ಕಿಂತ ಒಂದು ಕಾಳು ಹೆಚ್ಚಿಲ್ಲ. ಮೊದಲ ದಿನ ಉಪ್ಪುಪ್ಪು. ಎರಡನೆಯ ದಿನ ಸಪ್ಪೆ. ಮೂರನೆಯ ದಿನ ಸೌಟಿನಿಂದ ಅಂಗೈಗೆ ಎರಡು ಹನಿ ಹಾಕಿಕೊಂಡೆ. ಮಾವ ಎಲ್ಲಿಂದಲೋ ನೋಡಿ ಬೈಯುತ್ತಾನೆನಿಸಿ ಗೋಡೆಯ ಕಡೆ ತಿರುಗಿ ನೆಕ್ಕಿದೆ. ಯಾರೂ ಬೈಯಲಿಲ್ಲ, ಉಪ್ಪು ಕಡಿಮೆ ಇತ್ತು, ಹಾಕಿದೆ. ಒಂಬತ್ತನೆಯ ದಿನ ಸಾರು ಸರಿಯಾಗಿ ಕೂಡಿ ಬಂತು. ಚಾಪೆ ಹಾಸಿ, ತಾಟಿಗೆ ಎರಡು ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ ಇಟ್ಟುಕೊಂಡು, ಅತಿಥಿಗೆ ಬಡಿಸಿದ ಹಾಗೆ ನನಗೆ ನಾನೇ ಬಡಿಸಿಕೊಂಡೆ. ಹೊಟ್ಟೆ ತುಂಬಿತು, ಸಂತೋಷವೂ ಆಯಿತು. ಬೋಗುಣಿಯಲ್ಲಿ ಏನೂ ಉಳಿಯಲಿಲ್ಲ.

ಏಳನೆಯ ತಿಂಗಳಲ್ಲಿ ಯಲಬುರ್ಗಾ ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ನರ್ಸಮ್ಮ ಕುಳಿತಿದ್ದರು. ಎಂದಿನಂತೆ ನನ್ನ ಕಥೆ ಶುರುಮಾಡಿದೆ. ಅರ್ಧಕ್ಕೇ ತಡೆದು, “ಅಲ್ರಿ, ನಮ್ಮ ಮೆಸ್ಸಿಗೇ ಅಡಿಗಿಯವ್ರು ಬೇಕಾಗ್ಯಾರ” ಎಂದರು. ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯಲ್ಲಿ ನಡೆಸುವ ಮೆಸ್ಸು. ವರ್ಗವಾಗಿ ಬಂದು, ಸಂಸಾರವನ್ನು ಬೇರೆ ಊರಲ್ಲಿ ಬಿಟ್ಟವರು ಹನ್ನೆರಡು ಜನ ಅಲ್ಲಿ ಉಣ್ಣುತ್ತಾರೆ. ನರ್ಸಮ್ಮನ ಬೆನ್ನಹಿಂದೆಯೇ ಇಳಿದು ಹೋದೆ.

ಶಿಕ್ಷಕಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪರೀಕ್ಷೆಯ ಕೋಣೆ ಕಾಯುವವರ ಹಾಗೆ ನನ್ನನ್ನೇ ನೋಡುತ್ತ ಕುಳಿತರು. ನಾನು ಸಾರು ಅಂಗೈಗೆ ಹಾಕಿಕೊಂಡು ನೆಕ್ಕಿ ಕೈ ತೊಳೆದೆ. “ರುಚಿ ನೋಡ್ತೀರಿ, ಛಲೋ ಆತು” ಎಂದರು. ನಾನು ಮಾವನ ಕಥೆ ಹೇಳಲು ಹೋಗಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಬಂದು ಎರಡು ಸಾಲಾಗಿ ಕುಳಿತರು. ಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು, “ಇಟ್ಕೊಳ್ಳೂದೋ ಬಿಡೂದೋ ಉಂಡವ್ರು ಹೇಳ್ತಾರ್ರಿ. ನಿಮ್ಮದೇನರ ಕೇಳೂದೈತೇನು?” ಎಂದರು. ಪಗಾರದ ಮಾತೆತ್ತುತ್ತೇನೆಂದು ಕಾದಿದ್ದರು.

“ಒಂದೈತ್ರಿ. ಇಷ್ಟ ವರ್ಷ ಮಂದಿಗೆ ಬಡಿಸಿ, ಎಲ್ಲಾರೂ ಎದ್ದ ಮ್ಯಾಲೆ ಮೂಲ್ಯಾಗ ನಿಂತ ಉಂಡೀನಿ. ಇನ್ಮ್ಯಾಲೆ ಸಾಲಿನ್ಯಾಗ ಕೂತ ಉಣ್ಣಾಂವ.”

ಅವರು ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಇನ್ನೊಂದು ತಾಟು ತಂದು ಸಾಲಿನ ತುದಿಯಲ್ಲಿಟ್ಟರು. ಪಾತ್ರೆಗಳನ್ನು ನಡುವೆ ಇಟ್ಟು ನಾನೂ ಕುಳಿತೆ. ಯಾರೂ ಮಾತಾಡುತ್ತಿರಲಿಲ್ಲ, ಅರ್ಧ ಜನ ಫೋನ್ ನೋಡುತ್ತಲೇ ಉಣ್ಣುತ್ತಿದ್ದರು. ಸಾರು ಸರಿಯಾಗಿತ್ತು. ಹೀರೇಕಾಯಿ ಪಲ್ಯ ಬಾಯಿಗಿಟ್ಟೆ, ಅದಕ್ಕೆ ಉಪ್ಪು ಸಾಲದು. ಹೆಚ್ಚಾದೀತೆಂದು ಕೈ ಬಿಗಿ ಹಿಡಿದಿದ್ದೆ. ಸುಮ್ಮನಿದ್ದರೆ ಯಾರೂ ಗಮನಿಸಲಿಕ್ಕಿಲ್ಲ ಎಂದು ಅನಿಸಿತು.

“ಪಲ್ಯಕ್ಕ ಉಪ್ಪ ಕಡಿಮಿ ಬಿದ್ದೈತ್ರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಎಲ್ಲರೂ ತಲೆ ಎತ್ತಿದರು. ಪಕ್ಕದಲ್ಲಿದ್ದ ಬ್ಯಾಂಕಿನ ಗುಮಾಸ್ತ ಫೋನ್ ಕೆಳಗಿಟ್ಟು, ಉಪ್ಪಿನ ಬಟ್ಟಲನ್ನು ನನ್ನ ಕಡೆ ಸರಿಸಿದ.

“ಇರ್ಲಿ ತಗೋರಿ. ನಾಳಿ ಸರಿ ಮಾಡೀರಂತ.”

ಏಳು ತಿಂಗಳಲ್ಲಿ ನನಗೆ ಯಾರೂ ನಾಳೆ ಎಂದಿರಲಿಲ್ಲ. “ಆತ್ರಿ” ಎಂದೆ, ಉಪ್ಪು ಹಾಕಿಕೊಂಡು ಉಂಡೆ.