ಉತ್ತರದ ಕಡಲಿಗೆ ಅಂಬವ್ವನ ಹೊಲಿಗೆ

ಮಂಜು ಇನ್ನೂ ಕೊಲ್ಲಿಯ ನೀರಿನ ಮೇಲಿಂದ ಎದ್ದಿಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ದೋಣಿಕಟ್ಟೆಯ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರಡಿಯ ಉದ್ದನೆಯ ಮೇಜಿನ ಮೇಲೆ ಕಿತ್ತಳೆ ಬಣ್ಣದ ಉಡುಪೊಂದು ದಣಿದು ಮಲಗಿದ ಮನುಷ್ಯನಂತೆ ಕೈಕಾಲು ಚಾಚಿಕೊಂಡು ಬಿದ್ದಿದೆ. ಗಾಳಿ ಹೊರಹೋಗದಂತೆ ಅಂಬವ್ವ ಅದರ ಕುತ್ತಿಗೆಗೆ ಡಬ್ಬಿಯೊಂದನ್ನು ತುರುಕುತ್ತಾರೆ, ಎರಡು ಮುಂಗೈಗಳಿಗೂ ಸೋಡಾ ಬಾಟಲಿ ಸಿಕ್ಕಿಸುತ್ತಾರೆ, ಸೈಕಲ್ ಪಂಪಿನಿಂದ ಗಾಳಿ ತುಂಬುತ್ತಾರೆ. ಉಡುಪು ಮೆಲ್ಲಗೆ ಉಬ್ಬಿ, ನಿದ್ದೆಗಣ್ಣಲ್ಲಿ ಏಳುವವರ ಹಾಗೆ ಮೇಜಿನ ಮೇಲೆ ಎದ್ದು ಕೂರುತ್ತದೆ. ಅವರು ಅದರ ಹೆಗಲಿಗೆ ತಮ್ಮ ಕೆನ್ನೆ ಆನಿಸಿ ಕಣ್ಣು ಮುಚ್ಚುತ್ತಾರೆ.

"ಸ್ವಲ್ಪ ಸುಮ್ಮನಿರ್ರಿ," ಎಂದು ನೋಡಲು ಬಂದವರಿಗೆ ಹೇಳುತ್ತಾರೆ. "ಇವ ಎಲ್ಲಿ ಉಸುರು ಬಿಡಾಕತ್ತಾನ ನೋಡ್ತೀನಿ."

ಆಮೇಲೆ ಕುಂಚದಿಂದ ಸಾಬೂನಿನ ನೀರು ಬಳಿಯುತ್ತಾರೆ. ಕಂಕುಳ ಬಳಿ ಸಾಸಿವೆಯಷ್ಟು ಗುಳ್ಳೆಯೊಂದು ಮೂಡಿ ಒಡೆಯುತ್ತದೆ. ಅಲ್ಲಿಗೆ ಸೀಮೆಸುಣ್ಣದ ಗುರುತು ಬೀಳುತ್ತದೆ. ಇಂದಿನ ಕೆಲಸ ಗೊತ್ತಾಯಿತು.

ಈ ಉಡುಪುಗಳು ಹೋಗುವುದು ಬಹಳ ದೂರ. ಪ್ರತಿ ವಸಂತದಲ್ಲಿ ಪ್ರವಾಸಿಗರ ಒಂದು ಯಾತ್ರಾ ಹಡಗು ರಿಪೇರಿಗೆಂದು ಈ ಕೊಲ್ಲಿಗೆ ಬರುತ್ತದೆ. ಬೇಸಿಗೆ ಕಾಲಿಡುತ್ತಿದ್ದಂತೆ ಅಲಾಸ್ಕ ಬಳಸಿ ಕೆನಡಾದ ನೆತ್ತಿಯ ಮೇಲಿನ ಮಂಜುಗಡ್ಡೆಯ ಕಡಲಿಗೆ ಹೊರಡುತ್ತದೆ. ಅಲ್ಲಿ ಬಂದರುಗಳಿಲ್ಲ. ಯಾತ್ರಿಕರನ್ನು ರಬ್ಬರ್ ದೋಣಿಗಳಲ್ಲಿ ದಡಕ್ಕೆ ಒಯ್ಯಬೇಕು. ದೋಣಿ ನಡೆಸುವವರು ದಿನವಿಡೀ ಸೊಂಟಮಟ್ಟದ ನೀರಿಗೆ ಇಳಿದು ಹತ್ತುತ್ತಿರಬೇಕು. ಆ ನೀರಿಗೆ ಬರಿಮೈಯಲ್ಲಿ ಬಿದ್ದವರು ಬಹಳ ಹೊತ್ತು ಬದುಕುವುದಿಲ್ಲ. ದೋಣಿ ನಡೆಸುವವರ ಮೈಗೂ ಆ ಕಡಲಿಗೂ ನಡುವೆ ಇರುವುದು ಸ್ಪಂಜಿನಂಥ ಈ ರಬ್ಬರ್ ಬಟ್ಟೆ, ಮತ್ತು ಅದರ ಹೊಲಿಗೆ.

ಐವತ್ತು ದಾಟಿದ ಅಂಬವ್ವ ಗದಗ-ಬೆಟಗೇರಿಯವರು. ತಾಯಿ ಚನ್ನಬಸವ್ವ ಮನೆಮನೆಗೆ ಹೋಗಿ ಹಳೇ ಸೀರೆಗಳಿಂದ ಕೌದಿ ಹೊಲಿದುಕೊಡುತ್ತಿದ್ದವರು. ಮಗಳು ಆ ಕೌದಿಗಳ ಮೇಲೆಯೇ ಅಂಬೆಗಾಲಿಟ್ಟು, ಅವುಗಳ ಮೇಲೆಯೇ ಸೂಜಿ ಹಿಡಿಯುವುದನ್ನು ಕಲಿತರು. ಗಂಡ ಶಿವರುದ್ರಪ್ಪನವರ ಅಣ್ಣ ಕೊಲ್ಲಿಯಿಂದ ದೂರದ ಒಳನಾಡಿನ ಸ್ಯಾನ್ ರಮೋನಿನಲ್ಲಿ ಎಂಜಿನಿಯರು. ಅವರೇ ಕಾಗದಪತ್ರ ಮಾಡಿಸಿ ಇವರನ್ನೆಲ್ಲ ಕರೆಸಿಕೊಂಡರು.

ಮೊದಲ ವರ್ಷ ಆ ಅಣ್ಣನ ಮನೆಯಲ್ಲೇ ಕಳೆಯಿತು. ಬೆಳಗಾದರೆ ಬೀದಿಯ ಕಾರುಗಳೆಲ್ಲ ಫ್ರೀವೇ ಸೇರುತ್ತಿದ್ದವು. ಮಧ್ಯಾಹ್ನವೆಲ್ಲ ದೂರದ ಆ ಮೊರೆತವನ್ನು ಕೇಳುತ್ತ ಅಂಬವ್ವ ಕಿಟಕಿಯ ಬಳಿ ಕೂತಿರುತ್ತಿದ್ದರು. "ಕಣ್ಣು ಮುಚ್ಚಿದ್ರ ನೀರು ಹರದಂಗ ಕೇಳ್ತಿತ್ರಿ. ತೆರದ್ರ ಏನೂ ಇಲ್ಲ," ಎಂದು ನೆನೆಯುತ್ತಾರೆ.

ಶಿವರುದ್ರಪ್ಪನವರಿಗೆ ವಿಮಾನ ನಿಲ್ದಾಣದ ಪ್ರಯಾಣಿಕರ ವ್ಯಾನು ಓಡಿಸುವ ಕೆಲಸ ಸಿಕ್ಕ ಮೇಲೆ ಸಂಸಾರ ಇತ್ತ ಕೊಲ್ಲಿಯ ದಡಕ್ಕೆ ಬಂತು. ಒಂದು ದಿನ ನೀರಿನ ದಡದಲ್ಲಿ ನಡೆಯುತ್ತಿದ್ದ ಅಂಬವ್ವ ತೆರೆದ ಶೆಡ್ಡೊಂದರಲ್ಲಿ ಹೆಂಗಸೊಬ್ಬಳು ಹಾಯಿಪಟ ಹೊಲಿಯುವುದನ್ನು ಕಂಡು ನಿಂತುಬಿಟ್ಟರು. ಅದು ಶೆಡ್ಡಿನ ಒಡತಿ ಗ್ಲೋರಿಯಾ. ಅವಳು ಹಾಯಿಬಟ್ಟೆಯ ಒಂದು ಹರಕು ತುಂಡು ಮುಂದೆ ಹಿಡಿದಳು. ಅಂಬವ್ವ ಕೂತು ಕೌದಿಯ ಹೊಲಿಗೆ ಹಾಕಿಕೊಟ್ಟರು.

"ಚೆಂದ ಐತಿ ಅಂದ್ಳು. ಆದ್ರ ಇದರಾಗ ನೀರು ಒಳಗ ಬರ್ತೈತಿ ಅಂದ್ಳು," ಎಂದು ಅಂಬವ್ವ ನಗುತ್ತಾರೆ. ಮರುದಿನ ಗ್ಲೋರಿಯಾ ಅವರ ಕೈಗೆ ಬಿದಿಗೆ ಚಂದ್ರನಂತೆ ಬಾಗಿದ ಸೂಜಿಯೊಂದನ್ನು ಕೊಟ್ಟಳು. ಅದು ರಬ್ಬರ್ ಬಟ್ಟೆಯ ಅರ್ಧ ದಪ್ಪಕ್ಕೆ ಇಳಿದು ಅಲ್ಲಿಂದಲೇ ಮೇಲೆ ಬರಬೇಕು. ಆಚೆ ಬದಿಗೆ ತೂತು ಬೀಳಕೂಡದು. ಕೌದಿ ಹೊಲಿಯುವ ಕೈಗೆ ಸೂಜಿಯನ್ನು ಆಚೆ ದಾಟಿಸುವುದೇ ಅಭ್ಯಾಸ. ಆ ಅಭ್ಯಾಸ ಬಿಡಿಸಲು ಇಡೀ ಒಂದು ಚಳಿಗಾಲ ಹಿಡಿಯಿತು.

ಕನ್ನಡಕೂಟದ ಪಿಕ್ನಿಕ್ಕುಗಳಲ್ಲಿ ಯಾರಾದರೂ "ಆಂಟಿ, ನೀವೆಲ್ಲಿ ವರ್ಕು ಮಾಡೋದು?" ಎಂದು ಕೇಳುತ್ತಾರೆ. "ದೋಣಿ ನಡಸೋರ ಬಟ್ಟಿ ಹೊಲಿತೀನಿ," ಎಂದರೆ "ಓ, ನೈಸ್," ಎಂದು ತಲೆದೂಗಿ, ಮತ್ತೆ ಸ್ಟಾರ್ಟಪ್ಪು, ಷೇರು, ಹೊಸ ಆಫೀಸಿನ ಮಾತಿಗೆ ಹೊರಳುತ್ತಾರೆ. ಅದರಿಂದ ಅಂಬವ್ವನಿಗೆ ಬೇಸರವೇನಿಲ್ಲ. ಅವರ ಮನಸ್ಸು ಆಗಲೇ ಬೇರೆಲ್ಲೋ ಇರುತ್ತದೆ. ಹಡಗಿನಿಂದ ಹೊಲಿಗೆಗೆ ಬಂದ ಉಡುಪುಗಳು ತಮ್ಮೊಡನೆ ಆ ಕಡಲನ್ನೂ ತುಸು ತುಸುವೇ ತರುತ್ತಿದ್ದವು. ಒಂದರ ಮಡಿಕೆಯಲ್ಲಿ ಬಿಳಿಕರಡಿಯ ಎರಡು ಕೂದಲು. ಇನ್ನೊಂದರ ಜೇಬಿನಲ್ಲಿ ಬೆರಳುಗುರಿನಷ್ಟು ನೇರಳೆ ಹೂವು. ಸೀಲ್ ಎಣ್ಣೆಯ ವಾಸನೆ. ಆ ನಾಡು ಹೇಗಿರಬಹುದೆಂದು ಅವರು ಹೊಲಿಯುತ್ತ ಹೊಲಿಯುತ್ತ ಕನಸು ಕಟ್ಟುತ್ತಿದ್ದರು.

ಎರಡು ವರ್ಷದ ಹಿಂದಿನ ವಸಂತದಲ್ಲಿ ಆ ನಾಡಿನವಳೇ ಶೆಡ್ಡಿನ ಬಾಗಿಲಿಗೆ ಬಂದಳು. ಹೆಸರು ಮೀಕಾ. ಆ ಮಂಜುಗಡ್ಡೆಯ ನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನರ ಹೆಂಗಸು. ತನ್ನ ಜನರ ಕಥೆ, ಹಾಡು, ಬೇಟೆ, ಬಟ್ಟೆಗಳ ಬಗ್ಗೆ ಯಾತ್ರಿಕರಿಗೆ ತಿಳಿಸಿಕೊಡಲು ಹಡಗಿನಲ್ಲಿ ಇರುವವಳು. ದೋಣಿಗಾರ ಲಾರ್ಸ್ ಎಂಬವನ ಜೊತೆ ಉಡುಪುಗಳನ್ನು ಒಯ್ಯಲು ಬಂದವಳು ಅಂಬವ್ವನ ಕೈ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ತನ್ನ ಕಾಲಿನ ಸೀಲ್ ಚರ್ಮದ ಬೂಟನ್ನು ಕಳಚಿ ಮೇಜಿನ ಮೇಲಿಟ್ಟಳು. ಅದರ ಅಂಚಿನಲ್ಲೂ ಅರ್ಧ ದಪ್ಪಕ್ಕೆ ಇಳಿದು ಮೇಲೆ ಬಂದ ಅದೇ ಹೊಲಿಗೆ. ದಾರ ಮಾತ್ರ ಪ್ರಾಣಿಯ ನರದ್ದು.

"ಇದು ನನ್ನ ಅಜ್ಜಿ ಹೊಲಿದದ್ದು. ನಿನಗೆ ಯಾರು ಕಲಿಸಿದರು?" ಎಂದು ಮೀಕಾ ಇಂಗ್ಲಿಷಿನಲ್ಲಿ ಕೇಳಿದಳು.

ಅಂಬವ್ವ ಗ್ಲೋರಿಯಾಳನ್ನು ತೋರಿಸಿದರು. ಗ್ಲೋರಿಯಾ ತನಗೆ ಕಲಿಸಿದ ಮುದುಕನೊಬ್ಬನ ಹೆಸರು ಹೇಳಿದಳು. ಅವನಿಗೆ ಯಾರು ಕಲಿಸಿದರೋ ಯಾರಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ, ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ, ಹಡಗಿಗೆ ಒಗೆತ ಮತ್ತು ಹೊಲಿಗೆ ನೋಡಿಕೊಳ್ಳುವವರು ಬೇಕಾದಾಗ ಮೀಕಾ ಅಂಬವ್ವನ ಹೆಸರು ಹೇಳಿದಳು. ಮನೆಯಲ್ಲಿ ಮಾತು ಎದ್ದಿತು. "ಅವ್ವಾ, ಆರ್ ಯು ಸೀರಿಯಸ್? ಆರ್ಕ್ಟಿಕ್?" ಎಂದಳು ಕಾಲೇಜಿಗೆ ಹೋಗುವ ಮಗಳು ಸ್ನೇಹಲ್. ಶಿವರುದ್ರಪ್ಪ ಚಹಾ ಕುಡಿದು ಮುಗಿಸಿ ಹೇಳಿದರು: "ದಿನಾ ಮಂದೀನ ಊರೂರಿಗೆ ಕಳಸಾವ ನಾನು. ಹೇಂತೀನ ಒಮ್ಮೆ ಕಳಸಾಕ ಆಗಂಗಿಲ್ಲೇನು? ಹೋಗಿ ಬಾ."

ಉತ್ತರಕ್ಕೆ ಹೋದಂತೆ ರಾತ್ರಿ ಸಣ್ಣದಾಗುತ್ತ ಬಂತು, ಕೊನೆಗೆ ಇಲ್ಲವೇ ಆಯಿತು. ಸೂರ್ಯ ದಿಗಂತದ ಅಂಚಿನಲ್ಲಿ ಉರುಳುತ್ತ ಸಾಗುತ್ತಿದ್ದ. ತೇಲುವ ಮಂಜುಗಡ್ಡೆಗಳು ಒಳಗಿನಿಂದ ನೀಲಿಯಾಗಿ ಬೆಳಗುತ್ತಿದ್ದವು. ತಿಮಿಂಗಿಲಗಳು ಹಡಗಿನ ಪಕ್ಕದಲ್ಲೇ ಮೇಲೆ ಬಂದು ದೀರ್ಘವಾಗಿ ಉಸಿರುಬಿಟ್ಟು ಮತ್ತೆ ಮುಳುಗುತ್ತಿದ್ದವು. ಒಮ್ಮೆ ಒಗೆದ ಬಟ್ಟೆ ಹೊತ್ತು ಮೇಲೆ ಬಂದ ಅಂಬವ್ವನಿಗೆ ದೂರದ ಮಂಜಿನ ಹಾಸಿನ ಮೇಲೆ ತಾಯಿ ಕರಡಿಯೊಂದು ಕಂಡಿತು. ಮರಿ ಹಿಂದೆ ಉಳಿದಾಗಲೆಲ್ಲ ಅದು ನಿಂತು, ತಿರುಗಿ ನೋಡಿ, ಮತ್ತೆ ನಡೆಯುತ್ತಿತ್ತು. "ಜಾತ್ರ್ಯಾಗ ಕೂಸಿನ ಕೈ ಬಿಟ್ಟ ತಾಯಿಗತೆ ನೋಡ್ತಿತ್ರಿ," ಎನ್ನುತ್ತಾರೆ. "ಕೈಯಾಗಿನ ಬಟ್ಟಿ ಒದ್ದಿ ಅದಾವ ಅನ್ನೂದ ಮರತಿದ್ದೆ."

ಮೀಕಾಳ ಊರಿನ ಹೆಸರಿಗೆ ಅಂಬವ್ವನ ನಾಲಿಗೆ ಇನ್ನೂ ಹೊರಳುವುದಿಲ್ಲ. ಹಡಗು ಅಲ್ಲಿ ಲಂಗರು ಹಾಕಿದಾಗ ಯಾತ್ರಿಕರು ಡೋಲಿನ ಕುಣಿತ ನೋಡಲು ಹೋದರು. ಅಂಬವ್ವನನ್ನು ಮೀಕಾ ತನ್ನ ಸೋದರತ್ತೆಯ ಮನೆಗೆ ಕರೆದೊಯ್ದಳು. ಕೈಗೊಂದು ಕೆಲಸವಿಲ್ಲದೆ ಯಾರ ಮನೆಯಲ್ಲೂ ಕೂತು ರೂಢಿಯಿಲ್ಲದ ಅಂಬವ್ವ, ಲಾರ್ಸನ ಉಡುಪನ್ನೂ ಸೂಜಿಯನ್ನೂ ಚೀಲದಲ್ಲಿ ಹಾಕಿಕೊಂಡೇ ಹೋದರು. ಅದರ ಮುಂಗೈ ಸ್ವಲ್ಪ ಸವೆದಿತ್ತು, ಕೂತಲ್ಲೇ ಸರಿಮಾಡಬಹುದಿತ್ತು. ಅಂಬವ್ವ 'ಆಯಿ' ಎಂದು ಕರೆಯುವ ಆ ಮುದುಕಿ ಹಸಿ ಮೀನು ಮುಂದಿಟ್ಟಳು. ಇವರು ಬೇಡವೆಂದು ಕೈ ಮುಗಿದರು. ಈಕೆ ಹಿಮಸಾರಂಗದ ಹಾಗೆ ಹುಲ್ಲು ಸೊಪ್ಪು ತಿನ್ನುವವಳೆಂದು ಮೀಕಾ ತಿಳಿಸಿದಾಗ ಮನೆ ತುಂಬ ನಗೆ. ಆಯಿ ಎದ್ದು ಹೋಗಿ ಬಾಣಲೆಯಲ್ಲಿ ಸುಟ್ಟ ರೊಟ್ಟಿ, ಕಾಡು ಹಣ್ಣು ತಂದಿಟ್ಟಳು.

ಆಮೇಲೆ ಅವಳ ಕಣ್ಣು ಚೀಲದ ಮೇಲೆ ಬಿತ್ತು. ಉಡುಪನ್ನು ಎಳೆದುಕೊಂಡಳು. ತೋಳಿನ ತುದಿ ತಿರುಚಿ ಹಿಡಿದು, ಗಾಳಿಯನ್ನು ಹೆಗಲಿನತ್ತ ಒತ್ತಿ, ಹೊಲಿಗೆಗೆ ಕೆನ್ನೆ ಆನಿಸಿದಳು. ಕೆನ್ನೆ ಸರಿಸುತ್ತ ಹೋಗಿ ಒಂದು ಕಡೆ ತಡೆದಳು. ಅಂಬವ್ವನ ಬೆರಳು ಹಿಡಿದು ಅಲ್ಲಿಗೆ ಒತ್ತಿ, ಮೀಕಾಳಿಗೆ ಏನೋ ಹೇಳಿದಳು.

"ನೀರು ಇಲ್ಲಿಂದ ಬರುತ್ತದಂತೆ. ಇಂದಲ್ಲ, ಮೈ ಜೋರಾಗಿ ಎಳೆದ ದಿನ," ಎಂದಳು ಮೀಕಾ.

ಸಾಬೂನಿನ ನೀರಿಗೆ ಸಿಗದ ದೋಷ ಅದು. ಬೇಸಿಗೆಗೆ ಮುಂಚೆ ಅಂಬವ್ವನೇ ಹಾಕಿದ ಹೊಲಿಗೆ. "ಮಾರಿ ಬಿಸಿ ಆತ್ರಿ ನನಗ," ಎನ್ನುತ್ತಾರೆ. "ಆದ್ರ ಆಕಿ ಬೈಲಿಲ್ಲ. ಬಾ, ಬಿಚ್ಚೂಣು ಅನ್ನೂಹಂಗ ಜಾಗಾ ಮಾಡಿಕೊಟ್ಳು." ಇಬ್ಬರೂ ಕಿಟಕಿಯ ಬೆಳಕಿಗೆ ಕೂತು ಹೆಗಲನ್ನು ಪೂರ್ತಿ ಬಿಚ್ಚಿದರು. ಅಂಬವ್ವ ಹೊಲಿದರು, ಆಯಿ ಅಂಚು ಹಿಡಿದುಕೊಟ್ಟಳು. ಪ್ರತಿ ಹೊಲಿಗೆಯನ್ನೂ ಇನ್ನಷ್ಟು ಹತ್ತಿರ, ಇನ್ನಷ್ಟು ಬಿಗಿ ಮಾಡಿಸಿದಳು. ಹೊರಗೆ ಡೋಲು ನಿಂತು, ಯಾತ್ರಿಕರು ದೋಣಿಗೆ ಮರಳುವ ಹೊತ್ತಿಗೆ ಕೆಲಸ ಮುಗಿಯಿತು.

ಆ ವಾರವೇ ಅದು ನಡೆಯಿತು. ಲಾರ್ಸ್ ಯಾತ್ರಿಕರನ್ನು ವಾಲ್ರಸ್‌ಗಳ ಹಿಂಡು ತೋರಿಸಲು ಒಯ್ದಿದ್ದ. ದಾಡೆಯ ಆ ಭಾರೀ ಪ್ರಾಣಿಗಳು ಮಂಜುಗಡ್ಡೆಯ ಮೇಲೆ ಒಂದರ ಮೇಲೊಂದು ಒರಗಿ ನಿದ್ದೆಹೋಗಿದ್ದವು. ನಮ್ಮ ಕೊಲ್ಲಿ ಸೀಮೆಯದೇ ಲಾಸ್ ಆಲ್ಟೋಸಿನ ಯುವಕನೊಬ್ಬ ಫೋಟೋ ತೆಗೆಯಲು ದೋಣಿಯಲ್ಲಿ ಎದ್ದು ನಿಂತ. ದೋಣಿ ವಾಲಿತು. ಅವನನ್ನು ಹಿಡಿದು ಒಳಗೆ ಎಳೆದ ರಭಸಕ್ಕೆ ಲಾರ್ಸ್ ತಾನೇ ನೀರಿಗೆ ಬಿದ್ದ. ದೋಣಿ ನಡೆಸಲು ಉಳಿದವರಿಗೆ ಬರುತ್ತಿರಲಿಲ್ಲ. ಪ್ರವಾಹ ಅವನನ್ನು ಗಡ್ಡೆಗಳಾಚೆ ಒಯ್ಯಿತು. ನಡುವೆ ಮಂಜು ಇಳಿಯಿತು.

ಹಡಗಿನ ಮೇಲೆ ರೇಡಿಯೋದಲ್ಲಿ ಸುದ್ದಿ ಕೇಳಿದ ಅಂಬವ್ವ ಕಟಕಟೆ ಹಿಡಿದು ನಿಂತರು. ಎದುರಿಗೆ ಬಿಳುಪು ಬಿಟ್ಟರೆ ಏನೂ ಇಲ್ಲ. ಹುಡುಕಲು ಹೋದ ಎರಡನೇ ದೋಣಿಯ ಎಂಜಿನ್ನಿನ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರ. "ದೇವರ ಹೆಸರೂ ಬಾಯಿಗೆ ಬರಲಿಲ್ರಿ. ಒಂದೊಂದ ಹೊಲಿಗಿ ನೆನಪು ಮಾಡ್ಕೋಂತ ನಿಂತಿದ್ದೆ. ಇದು ಬಿಗಿ ಐತಿ, ಇದೂ ಬಿಗಿ ಐತಿ ಅಂತ."

ಕೊನೆಗೆ ಮಂಜಿನೊಳಗಿಂದ ಕಿತ್ತಳೆ ಬಣ್ಣ ಕಂಡಿತು. ಅವನನ್ನು ಮೇಲೆತ್ತಿದರು. ಮುಖ ನೀಲಿ, ಹಲ್ಲು ಕಟಕಟಿಸುತ್ತಿತ್ತು. ಡಾಕ್ಟರು ಉಡುಪು ಬಿಚ್ಚುವಾಗ ಅಂಬವ್ವ ನಡುವೆ ಕೈ ಹಾಕಿ ಒಳಗಿನ ಉಣ್ಣೆಯಂಗಿಯ ಹೆಗಲು ಮುಟ್ಟಿ ನೋಡಿದರು. ಬೆಚ್ಚಗಿತ್ತು, ಒಣಗಿತ್ತು.

ಸಂಜೆ ಊಟದ ಹಾಲಿನಲ್ಲಿ ಕ್ಯಾಪ್ಟನ್ ಅಂಬವ್ವನನ್ನು ಎಬ್ಬಿಸಿ ನಿಲ್ಲಿಸಿದ. ಚಪ್ಪಾಳೆಯಾಯಿತು. ಅಂಬವ್ವ ತಮಗೆ ಬರುವ ಇಂಗ್ಲಿಷಿನಲ್ಲಿ, ಆ ಹೆಗಲಿನ ತಪ್ಪು ಹಿಡಿದವಳು ಮೀಕಾಳ ಸೋದರತ್ತೆ ಎಂದು ಹೇಳಿ ಕೂತರು. "ಹೊಲಿಗಿ ಯಾರ ಕಣ್ಣಿಗೂ ಬೀಳಬಾರದ್ರಿ," ಎಂದು ಈಗ ವಿವರಿಸುತ್ತಾರೆ. "ಬಿತ್ತಂದ್ರ ಏನೋ ಕೆಟ್ಟೈತಿ ಅಂತ ಅರ್ಥ."

ಈ ವಸಂತದಲ್ಲಿ ಕೊಲ್ಲಿಯ ಸುತ್ತ ಗಾಳಿ ಬದಲಾಗಿದೆ. ಕಂಪನಿಗಳು ಬಾಗಿಲು ಹಾಕುತ್ತಿವೆ. ಶಿವರುದ್ರಪ್ಪನವರ ವ್ಯಾನಿನಲ್ಲಿ ಜನ ಕಡಿಮೆ. ಹಡಗಿನ ಕೋಣೆಗಳೂ ಅರ್ಧದಷ್ಟು ಖಾಲಿ ಉಳಿದಿವೆಯಂತೆ. ಒಗೆತಕ್ಕೆ ಈ ಸಲ ಹೆಚ್ಚಿನ ಜನ ಬೇಡವೆಂದಿದ್ದಾರೆ. ಹೀಗಾಗಿ ಅಂಬವ್ವ ಹೋಗುತ್ತಿಲ್ಲ, ಉಡುಪುಗಳು ಮಾತ್ರ ಹೋಗುತ್ತವೆ. ಕಳೆದ ವಾರ ಬಂದ ಮೀಕಾ ಆಯಿಯ ಮಾತು ತಂದಿದ್ದಾಳೆ. ಲಾರ್ಸ್ ಬದುಕಿದ ಸುದ್ದಿ ಕೇಳಿ ಮುದುಕಿ, "ಅವಳು ಮತ್ತೆ ಯಾವಾಗ ಬರುತ್ತಾಳೆ?" ಎಂದಷ್ಟೇ ಕೇಳಿದಳಂತೆ.

ಮಂಜು ಈಗ ಸಡಿಲಾಗಿದೆ. ನೀರಿನಾಚೆ ವಿಮಾನವೊಂದು ಇಳಿಯುತ್ತಿದೆ. ಅಂಬವ್ವ ದಾರಕ್ಕೆ ಮೇಣ ಸವರುತ್ತ, ಯಾರಿಗೂ ಹೇಳದ ಆಸೆಯೊಂದನ್ನು ಮೆಲ್ಲಗೆ ಹೇಳುತ್ತಾರೆ.

"ಬ್ಯಾಸಗಿ ನೋಡೇನ್ರಿ. ಒಂದು ಚಳಿಗಾಲ ಹೋಗಿ ಆಯಿ ಮನ್ಯಾಗ ಇರಬೇಕಂತ ಐತಿ. ತಿಂಗಳುಗಟ್ಲೆ ಸೂರ್ಯಾನ ಏಳಂಗಿಲ್ಲಂತ ಅಲ್ಲಿ. ಒಳಗ ಎಣ್ಣಿ ದೀಪ, ಇಬ್ರೂ ಹೊಲಕೋಂತ ಕುಂದ್ರೂದು."

ಆದರೆ ಮಾತಿಗೆ ಭಾಷೆ ಬೇಕಲ್ಲ ಎಂದು ಕೇಳಿದರೆ ನಗುತ್ತಾರೆ.

"ಭಾಷಿ ಎದಕ್ ಬೇಕ್ರಿ?" ಅಂಬವ್ವ ಬಾಗಿದ ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಾರೆ. "ತಪ್ಪು ಹೊಲದ್ರ ಕೈ ಮ್ಯಾಲ ಹೊಡೀತಾಳ. ಚಲೋ ಹೊಲದ್ರ ಸುಮ್ಮನಿರ್ತಾಳ. ನಮ್ಮವ್ವನೂ ಹಂಗ ಇದ್ಲು."